ತಣ್ಣಗೆ ತಿರುಗಿದ ಎಣ್ಣೆ

ಪರೀಕ್ಷೆಗೆ ಎಣ್ಣೆಯನ್ನು ಯಾವುದರಲ್ಲಿ ತರಬೇಕು ಎಂದು ನಮ್ಮ ಲ್ಯಾಬಿನ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೆ. ತೊಳೆದು ಒಣಗಿಸಿದ ಗಾಜಿನ ಬಾಟಲಿ, ಬಿಗಿಯಾದ ಮುಚ್ಚಳ, ಇಷ್ಟೇ. ಓದಲು ಬಾರದವರು ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ. ಓದಿ ಅದರಂತೆ ಮಾಡುವವರೂ ಸಿಗುವುದಿಲ್ಲ. ಕೆಮ್ಮಿನ ಸಿರಪ್ಪಿನ ಬಾಟಲಿ ಬಂತು, ಬ್ರಾಂಡಿಯ ಬಾಟಲಿ ಬಂತು, ಶಾಲೆಗೆ ಹೋಗುವ ಮಗುವಿನ ಗುಲಾಬಿ ಬಣ್ಣದ ನೀರಿನ ಬಾಟಲಿಯೂ ಬಂತು. ಕಡಬದಿಂದ ಒಬ್ಬರು ಉಪ್ಪಿನಕಾಯಿಯ ಡಬ್ಬಿಯಲ್ಲಿ ಗೇರ್ ಆಯಿಲ್ ತಂದು ಮೇಜಿನ ಮೇಲಿಟ್ಟು, "ಇದರಲ್ಲಿ ಕಸ ಉಂಟಾ ನೋಡಿ" ಎಂದರು. ತಳದಲ್ಲಿ ಸಾಸಿವೆ ಕಾಣುತ್ತಿತ್ತು. "ಉಂಟು" ಎಂದೆ. ಯಂತ್ರ ತಿರುಗಿಸದೆ ಹೇಗೆ ಗೊತ್ತಾಯಿತು ಎಂದು ಅವರಿಗೆ ಆಶ್ಚರ್ಯ.

ನಾನು ಇಪ್ಪತ್ತೆರಡು ವರ್ಷ ಕೊಲ್ಲಿಯ ಒಂದು ತೈಲ ಶುದ್ಧೀಕರಣ ಘಟಕದ ಲ್ಯಾಬಿನಲ್ಲಿ ದುಡಿದು ಊರಿಗೆ ಬಂದವನು. ಹಾಗೆ ಬಂದ ನಮ್ಮವರು ಬಟ್ಟೆಯಂಗಡಿಯನ್ನೋ ಬೇಕರಿಯನ್ನೋ ಹಾಕಿ ಕೂರುತ್ತಾರೆ. ನನಗೆ ಸೀರೆ ಮಡಚಲೂ ಬಾರದು, ಬನ್ನು ಸುಡಲೂ ಬಾರದು. ಬರುತ್ತಿದ್ದದ್ದು ಎಣ್ಣೆಯಲ್ಲಿ ನೀರು ಎಷ್ಟು, ಕೆಸರು ಎಷ್ಟು ಎಂದು ನೋಡಿ ಹೇಳುವುದು ಮತ್ತು ಊರಿನ ಪ್ರತಿಯೊಂದು ವಸ್ತುವನ್ನು ಕಂಡು ಮೂಗು ಮುರಿಯುವುದು. ಎರಡನೆಯದನ್ನು ಮನೆಯಲ್ಲೂ ಮಾಡುತ್ತಿದ್ದೆ. ಒಂದು ಮಧ್ಯಾಹ್ನ ಹೆಂಡತಿ ತಟ್ಟೆಯನ್ನು ನನ್ನ ಮುಂದೆ ಸರಿಸಿ, "ಅಲ್ಲಿಯ ಅನ್ನ ಅಲ್ಲೇ ತಿಂದಾಯಿತು, ಇದು ಇಲ್ಲಿಯದು, ತಿನ್ನಿ" ಎಂದಳು. ತಿಂದೆ. ಅಭ್ಯಾಸ ಬಿಡಲಿಲ್ಲ.

ಹಾಗಿರುವಾಗ ಕುಂಬ್ರದ ಪೇಟೆಯಲ್ಲಿ ಪೈಂಟು, ಪೈಪುಗಳ ಅಂಗಡಿ ಇಟ್ಟಿದ್ದ ಒಬ್ಬರಿಗೆ ಎಣ್ಣೆ ಪರೀಕ್ಷೆಯ ಲ್ಯಾಬ್ ತೆರೆಯುವ ಹುಚ್ಚು ಹಿಡಿಯಿತು. ಪುತ್ತೂರಿನಿಂದ ಸುಳ್ಯದವರೆಗೆ ಎಷ್ಟು ಬೋರ್‌ವೆಲ್ ಲಾರಿ, ಎಷ್ಟು ಕೆಂಪು ಕಲ್ಲಿನ ಕೋರೆ, ಎಷ್ಟು ಬಸ್ಸು ಎಂಬುದು ಅವರಿಗೆ ಬಾಯಿಪಾಠ. ಎಣ್ಣೆ ಎಂದರೆ ಕರಿ ಮತ್ತು ಹಳದಿ ಎಂದು ಎರಡು ಬಗೆ ಎಂಬುದಷ್ಟೇ ಅವರ ರಸಾಯನಶಾಸ್ತ್ರ. ಅಂಗಡಿಯ ಮಾಳಿಗೆಯ ಗೋಡೆಗೆ ಕಟ್ಟು ಹಾಕಿದ ಮೂರು ಪ್ರಮಾಣಪತ್ರ ನೇತುಹಾಕಿದ್ದರು. ಹತ್ತಿರ ಹೋಗಿ ಓದಿದೆ. ಒಂದು ಅವರು ಯೋಗ ಶಿಬಿರ ಮುಗಿಸಿದ್ದಕ್ಕೆ ಕೊಟ್ಟದ್ದು. ಇನ್ನು ಇವರನ್ನು ಯಜಮಾನರು ಎನ್ನುತ್ತೇನೆ. ನನಗೆ ಕೆಲಸ ಕೊಟ್ಟವರು, ಅಷ್ಟು ಮರ್ಯಾದೆ ಇರಲಿ.

ಮಾಳಿಗೆಯ ಮಧ್ಯದಲ್ಲಿ ಯಂತ್ರ ಇತ್ತು. ಎಲ್ಲಿಯೋ ಮುಚ್ಚಿಹೋದ ಒಂದು ಕಾರ್ಖಾನೆಯಿಂದ ತಂದ ಬಿಸಿ ಸೆಂಟ್ರಿಫ್ಯೂಜ್. ಬಟ್ಟೆ ಒಗೆಯುವ ಮಿಷನ್ನಿನಷ್ಟು ಗಾತ್ರ, ಮೇಲೆ ದಪ್ಪ ಮುಚ್ಚಳ, ಒಳಗೆ ನಾಲ್ಕು ತೋಳು, ತೋಳಿನ ತುದಿಯಲ್ಲಿ ಲೋಹದ ಬಟ್ಟಲು. ಅದನ್ನು ಕಂಡಾಗ ಮಾತ್ರ ನನಗೆ ಮೂಗು ಮುರಿಯಲು ಮನಸ್ಸಾಗಲಿಲ್ಲ. ಕೆಲಸ ಸುಲಭದ್ದೇ. ತಳ ಚೂಪಾದ ಉದ್ದದ ಗಾಜಿನ ಕೊಳವೆಯಲ್ಲಿ ಅರ್ಧ ಎಣ್ಣೆ, ಅರ್ಧ ದ್ರಾವಕ ಹಾಕಿ ಕುಲುಕಬೇಕು. ಬಿಸಿನೀರಿನ ತೊಟ್ಟಿಯಲ್ಲಿ ಕಾಯಿಸಬೇಕು. ಎದುರುಬದುರು ಸಮತೂಕದ ಕೊಳವೆ ಇಟ್ಟು ಹತ್ತು ನಿಮಿಷ ಜೋರಾಗಿ ತಿರುಗಿಸಬೇಕು. ಭಾರದ ನೀರು, ಕೆಸರು ಚೂಪಿಗೆ ಇಳಿಯುತ್ತವೆ. ಗಾಜಿನ ಮೇಲಿನ ಗೆರೆ ನೋಡಿ ಬರೆದುಕೊಳ್ಳಬೇಕು. ಇನ್ನೊಮ್ಮೆ ತಿರುಗಿಸಿದಾಗಲೂ ಅಷ್ಟೇ ಬಂದರೆ ಮುಗಿಯಿತು. ಆದರೆ ತಿರುಗುವಷ್ಟು ಹೊತ್ತೂ ಎಣ್ಣೆ ಅರುವತ್ತು ಡಿಗ್ರಿ ಬಿಸಿಯಲ್ಲೇ ಇರಬೇಕು. ತಣಿದ ಎಣ್ಣೆ ನೀರನ್ನು ಬಿಟ್ಟುಕೊಡುವುದಿಲ್ಲ, ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಇಲ್ಲದಿದ್ದರೆ ಅದು ಬರೀ ತಿರುಗುವ ಡಬ್ಬಿ.

ಇದನ್ನು ಬಂದವರಿಗೆಲ್ಲ ವಿವರಿಸುತ್ತಿದ್ದೆ. ಯಾರೂ ಕೇಳಿರಲಿಲ್ಲ, ಆದರೂ ವಿವರಿಸುತ್ತಿದ್ದೆ.

ಮಾರ್ಚ್ ತಿಂಗಳ ಒಂದು ದಿನ ಸುಳ್ಯದಿಂದ ಒಬ್ಬ ಬಸ್ಸಿನ ಧಣಿ ಬಂದರು, ಜೊತೆಗೆ ಅವರ ಮೆಕ್ಯಾನಿಕ್. ಕೊಲ್ಲಮೊಗ್ರಿನ ಕಡೆ ಓಡುವ ಬಸ್ಸನ್ನು ಈ ಮೇಸ್ತ್ರಿ ಎರಡು ದಿನದಿಂದ ಶೆಡ್ಡಿನಿಂದ ಹೊರಗೆ ಬಿಟ್ಟಿರಲಿಲ್ಲ. ಎಂಜಿನ್ ಆಯಿಲ್‌ಗೆ ನೀರು ಸೇರುತ್ತಿದೆ, ಹೆಡ್ ಬಿಚ್ಚಿ ನೀರು ತಡೆಯುವ ಗ್ಯಾಸ್ಕೆಟ್ ಬದಲಿಸಬೇಕು ಎಂಬುದು ಅವನ ಹಟ. ಅಷ್ಟರಲ್ಲಿ ಯಾರೋ ಧಣಿಯ ಕಿವಿ ಊದಿದ್ದರು: ಮೇಸ್ತ್ರಿ ಬಿಡಿಭಾಗದ ಅಂಗಡಿಯವನ ಜೊತೆ ಸೇರಿದ್ದಾನೆ, ನೀರಿನ ಕಥೆ ಸುಳ್ಳು ಎಂದು. ಕಲ್ಲುಗುಂಡಿಯ ಈ ಮೇಸ್ತ್ರಿ ಹದಿನೈದು ವರ್ಷ ಅದೇ ಶೆಡ್ಡಿನಲ್ಲಿ ದುಡಿದವನು. ಅವನು ಕಳ್ಳನೋ ಅಲ್ಲವೋ ಎಂಬುದನ್ನು ನನ್ನ ಯಂತ್ರ ಹೇಳಬೇಕಾಗಿತ್ತು.

ಧಣಿ ಕುರ್ಚಿಯಲ್ಲಿ ಕೂತರು. ಮೇಸ್ತ್ರಿ ನಿಂತೇ ಇದ್ದ. ಅವನು ತಂದ ಬಾಟಲಿ ಗಾಜಿನದು, ತೊಳೆದು ಒಣಗಿಸಿದ್ದು. ನಮ್ಮ ಬಾಗಿಲಿನ ಬರಹವನ್ನು ಪಾಲಿಸಿದ ಮೊದಲ ಮನುಷ್ಯ ಅವನು. ಅದು ನನ್ನ ಗಮನಕ್ಕೆ ಬಂತು, ಮನಸ್ಸಿಗೆ ಬರಲಿಲ್ಲ.

"ನೀರು ಉಂಟು ಅಂತ ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ.

"ಕಾವಲಿಗೆ ಎರಡು ಹನಿ ಹಾಕಿ ನೋಡಿದೆ ಸಾರ್. ಚಟಪಟ ಹೇಳಿತು. ಬರೀ ಎಣ್ಣೆ ಆದ್ರೆ ಶಬ್ದ ಮಾಡುದಿಲ್ಲ, ಸುಮ್ಮನೆ ಹೊಗೆ ಬರುದು."

ದೋಸೆ ಹೊಯ್ಯುವ ಕಾವಲಿ. ಅದರ ಮೇಲೆ ಎಂಜಿನ್ ಆಯಿಲ್. ನಾನು ನಕ್ಕೆ. ಧಣಿಗೆ ಕೇಳಿಸುವ ಹಾಗೆ ನಕ್ಕೆ. ಅವನು ಹೇಳಿದ್ದು ಅಪ್ಪಟ ನಿಜ ಎಂದು ನನಗೆ ಗೊತ್ತಿತ್ತು. ಕೊಲ್ಲಿಯ ಲ್ಯಾಬಿನಲ್ಲೂ ಕಾದ ತಟ್ಟೆಯ ಮೇಲೆ ಹನಿ ಹಾಕಿ ಕಿವಿಗೊಡುವ ಪರೀಕ್ಷೆ ಇತ್ತು. ಅಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿತ್ತು, ಆದ್ದರಿಂದ ಅದು ವಿಜ್ಞಾನ. ಕಲ್ಲುಗುಂಡಿಯವನು ಕಾವಲಿ ಎಂದ ಕಾರಣಕ್ಕೆ ಅದು ನನಗೆ ತಮಾಷೆಯಾಯಿತು. ಈಗ ನೆನೆದರೆ ಆ ನಗುವಿನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ.

ಬಾಟಲಿಯ ಅರ್ಧ ಎಣ್ಣೆಯನ್ನು ಪದ್ಧತಿಯಂತೆ ಬೇರೆ ತೆಗೆದಿಟ್ಟು ಚೀಟಿ ಅಂಟಿಸಿದೆ. ಉಳಿದದ್ದನ್ನು ಕೊಳವೆಗೆ ಹಾಕಿ ಕುಲುಕಿ ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟೆ. ನೀರಿಗೆ ಬೆರಳು ಅದ್ದಿದೆ, ಬೆಚ್ಚಗಿತ್ತು. ಸಾಕು ಎನಿಸಿತು. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ನನ್ನ ಬಾಯಿಯೂ ನಡೆಯುತ್ತಿತ್ತು. ಯಂತ್ರದ ಮುಚ್ಚಳ ಹಾಕಿ ಗುಂಡಿ ಒತ್ತಿ, ಹೊಳೆಯುವ ಕೆಂಪು ಅಂಕಿಯನ್ನು ಬೆರಳು ಮಾಡಿ ತೋರಿಸಿದೆ.

"ಇದು ಕಾವಲಿ ಅಲ್ಲ. ಅರುವತ್ತು ಅಂದ್ರೆ ಅರುವತ್ತು."

ಎರಡು ಸಲ ತಿರುಗಿಸಿದೆ. ಎರಡೂ ಸಲ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಚೂಪಿನಲ್ಲಿ ಕಂದು ಬಣ್ಣದ ತೆಳು ಪೊರೆ ಒಂದಿತ್ತು, ನೀರು ಇರಲಿಲ್ಲ. ಡೀಸೆಲ್ ಎಂಜಿನ್ನಿನ ಮಸಿ ಹಾಗೆ ಕೂರುವುದುಂಟು. ಎರಡು ಸಲವೂ ಒಂದೇ ಬಂತಲ್ಲ, ಇನ್ನೇನು ಬೇಕು?

ಮೇಸ್ತ್ರಿ ಹತ್ತಿರ ಬಂದು ಬಗ್ಗಿ ನೋಡಿದ. "ಆ ಪೊರೆಯಲ್ಲೇ ಉಂಟು ಸಾರ್. ಇನ್ನೂ ಬಿಸಿ ಮಾಡಿದ್ರೆ ಬಿಡ್ತದೆ."

"ಅರುವತ್ತು ಉಂಟು. ಇನ್ನೆಷ್ಟು ಬೇಕು ನಿಮಗೆ?"

ಅವನು ಹಿಂದೆ ಸರಿದು ನಿಂತ. ನೀರು ಇಲ್ಲ ಎಂದು ಬರೆದು, ಮೊಹರು ಒತ್ತಿ, ಕಾಗದವನ್ನು ಧಣಿಯ ಕೈಗೆ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ ಮೇಸ್ತ್ರಿಯ ಕಡೆ ತಿರುಗಿ, "ಹದಿನೈದು ವರ್ಷ ನನ್ನ ಅನ್ನ ತಿಂದೆಯಲ್ಲ ನೀನು" ಎಂದರು. "ನಾಳೆಯಿಂದ ಶೆಡ್ಡಿನ ಕಡೆ ಬರುದು ಬೇಡ." ಆಮೇಲೆ ಒಬ್ಬರೇ ಕಾರು ಹತ್ತಿ ಹೋದರು. ಮೇಸ್ತ್ರಿ ಖಾಲಿ ಬಾಟಲಿಯನ್ನು ವಾಪಸು ಕೇಳಿ ತೆಗೆದುಕೊಂಡು, ರಸ್ತೆ ದಾಟಿ, ಸುಳ್ಯದ ಬಸ್ಸಿಗೆ ಕಾಯುತ್ತ ನಿಂತ. ಕಿಟಕಿಯಿಂದ ನೋಡಿದೆ. ಅಂದು ಸಂಜೆ ಅಸರ್ ನಮಾಜಿಗೆ ಹೋಗುವಾಗ, ಕಳ್ಳನೊಬ್ಬ ಸಿಕ್ಕಿಬಿದ್ದದ್ದನ್ನು ಜೊತೆಯವರಿಗೆ ಹೇಳಿದೆ. ಕಾವಲಿಯ ಭಾಗವನ್ನು ಎರಡು ಸಲ ಹೇಳಿ ನಗಿಸಿದೆ.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ಕಡಬದ ಮರದ ಮಿಲ್ಲಿನ ಎಣ್ಣೆ ತಿರುಗಿಸಿ, ಮುಚ್ಚಳ ತೆಗೆದು ಕೊಳವೆಯನ್ನು ಎತ್ತಿದೆ. ಎತ್ತಿದ ಮೇಲೆ ಕೈ ನೋಡಿಕೊಂಡೆ. ಕೈಯಲ್ಲಿ ಬಟ್ಟೆ ಇರಲಿಲ್ಲ. ಅರುವತ್ತು ಡಿಗ್ರಿಯ ಬಟ್ಟಲಿನಿಂದ ಬಂದ ಗಾಜನ್ನು ಬರಿಗೈಯಲ್ಲಿ ಹಾಗೆ ಆರಾಮವಾಗಿ ಹಿಡಿಯಲಾಗುವುದಿಲ್ಲ. ಅಂಕಿ ಅರುವತ್ತು ಎಂದು ಹೊಳೆಯುತ್ತಲೇ ಇತ್ತು. ಆ ಅಂಕಿ ನಾವು ಯಂತ್ರಕ್ಕೆ ಎಷ್ಟು ಶಾಖ ಬೇಕೆಂದು ಹೇಳಿದ್ದೇವೋ ಅದು. ಒಳಗೆ ನಿಜವಾಗಿ ಎಷ್ಟಿದೆ ಎಂದು ನೋಡಲು ಪಕ್ಕದ ಇನ್ನೊಂದು ಗುಂಡಿ ಒತ್ತಬೇಕು. ಒತ್ತಿದೆ. ಕೋಣೆಯಲ್ಲಿದ್ದ ಸೆಕೆಗಿಂತ ಹೆಚ್ಚೇನೂ ಇರಲಿಲ್ಲ.

ಯಂತ್ರದ ಹಿಂದೆ ಬಗ್ಗಿ ನೋಡಿದರೆ ಒಂದರ ಬದಲು ಎರಡು ವಯರು. ಕೆಳಗಿನ ಅಂಗಡಿಯಲ್ಲಿ ಬಲ್ಬು ಕೊಳ್ಳಲು ಬಂದಿದ್ದ ಎಲೆಕ್ಟ್ರಿಷಿಯನ್ನನ್ನು ಮೇಲೆ ಕರೆದು ಕೇಳಿದೆ. ಯಂತ್ರ ಬಂದ ದಿನ ಅದಕ್ಕೆ ಕರೆಂಟ್ ಕೊಟ್ಟವನು ಅವನೇ.

"ಮೋಟರಿಗೂ ಬೋರ್ಡಿಗೂ ಇನ್ವರ್ಟರ್ ಕೊಟ್ಟದ್ದು ಸಾರ್. ಹೀಟರಿಗೆ ಕೊಡ್ಲಿಲ್ಲ. ಹೀಟರನ್ನು ಇನ್ವರ್ಟರಿಗೆ ಯಾರಾದ್ರೂ ಹಾಕ್ತಾರಾ ಮಾರಾಯ್ರೆ? ಬ್ಯಾಟರಿ ಎಷ್ಟು ಹೊತ್ತು ಬರುದು?"

ಅವನಿಗೆ ನಾನು ಏನು ಹೇಳಲಿ? ನಮ್ಮ ಕಡೆ ಮನೆಮನೆಯಲ್ಲೂ ಹೀಗೆಯೇ. ಫ್ಯಾನು, ದೀಪ, ಟೀವಿ ಇನ್ವರ್ಟರಿಗೆ. ಗೀಸರು, ಇಸ್ತ್ರಿಪೆಟ್ಟಿಗೆ ನೇರ ಕಂಬದ ಕರೆಂಟಿಗೆ. ಬಿಸಿ ಮಾಡುವುದನ್ನೆಲ್ಲ ಕರೆಂಟ್ ಬಂದ ಮೇಲೆ ಮಾಡಿದರಾಯಿತು ಎಂಬುದು ನಮ್ಮ ಧರ್ಮ. ಆ ಧರ್ಮಕ್ಕೆ ಸರಿಯಾಗಿ ಅವನು ಯಂತ್ರದ ಹೊಟ್ಟೆ ಬಿಚ್ಚಿ, ಹೀಟರಿನ ವಯರನ್ನು ಬೇರೆ ಮಾಡಿ, ಬೆನ್ನು ತಟ್ಟಿಸಿಕೊಂಡು ಹೋಗಿದ್ದ. ಅಂದಿನ ಹಾಗೆ ಲೈನಿನ ಕೆಲಸಕ್ಕೆಂದು ಹಗಲಿಡೀ ಕರೆಂಟ್ ತೆಗೆಯುವ ದಿನಗಳಲ್ಲಿ ಯಂತ್ರ ತಿರುಗುತ್ತಿತ್ತು, ಅಂಕಿ ಹೊಳೆಯುತ್ತಿತ್ತು, ಎಣ್ಣೆ ತಣ್ಣಗೆ ಸುತ್ತುತ್ತಿತ್ತು. ತಣ್ಣಗೆ ತಿರುಗಿಸಿದರೆ ಎಷ್ಟು ಸಲ ತಿರುಗಿಸಿದರೂ ಒಂದೇ ಬರುತ್ತದೆ.

ಮೇಸ್ತ್ರಿ ಬಂದ ದಿನ ಕರೆಂಟ್ ಇತ್ತೇ ಎಂದು ಕೆಳಗಿನ ಅಂಗಡಿಯಲ್ಲಿ ವಿಚಾರಿಸಿದೆ. ಇರಲಿಲ್ಲ. ಬೆಳಿಗ್ಗೆಯೇ ಹೋಗಿತ್ತು. ತೊಟ್ಟಿಯ ನೀರಿನಲ್ಲಿ ಉಳಿದಿದ್ದದ್ದು ಅದಕ್ಕೆ ಮೊದಲು ಕಾಯಿಸಿದ ಬಿಸಿ. ವಿಚಾರಿಸುವ ಅಗತ್ಯವೂ ಇರಲಿಲ್ಲ. ಅಂದು ಕೊಳವೆಯನ್ನು ಬರಿಗೈಯಲ್ಲಿ ಕಿಟಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಧಣಿಗೆ ತೋರಿಸಿದ್ದು ನನ್ನ ಬೆರಳುಗಳಿಗೆ ನೆನಪಿತ್ತು. ತಿರುಗಿಸಿ ನಿಲ್ಲಿಸಿದ ಕೂಡಲೇ ಕೊಳವೆಯೊಳಗೆ ಥರ್ಮಾಮೀಟರ್ ಅದ್ದಿ ನೋಡಬೇಕು ಎಂಬ ನಿಯಮವನ್ನು ಕೊಲ್ಲಿಯಲ್ಲಿ ಹೊಸಬರಿಗೆ ಕಲಿಸುತ್ತಿದ್ದವನು ನಾನು. ಮರೆತವನನ್ನು ಎಲ್ಲರ ಎದುರು ಬೈಯುತ್ತಿದ್ದೆ. ಇಲ್ಲಿ ಥರ್ಮಾಮೀಟರ್ ಡ್ರಾಯರಿನಲ್ಲಿತ್ತು. ಬಾಟಲಿಗೆ ಸಾಸಿವೆ ಹಾಕಿ ತರುವವರನ್ನು ಹಳಿಯುವುದರಲ್ಲೇ ನನ್ನ ಎಚ್ಚರವೆಲ್ಲ ಖರ್ಚಾಗಿತ್ತು.

ಕರೆಂಟ್ ಬರುವವರೆಗೆ ಕಾದೆ. ತೆಗೆದಿಟ್ಟ ಅರ್ಧ ಎಣ್ಣೆಯನ್ನು ಕಾಯಿಸಿ, ಥರ್ಮಾಮೀಟರ್ ಅದ್ದಿ, ತಿರುಗಿಸಿದೆ. ಪೊರೆ ಒಡೆದಿತ್ತು. ಚೂಪಿನಲ್ಲಿ ನೀರು ತಿಳಿಯಾಗಿ ನಿಂತಿತ್ತು. ಅದನ್ನು ನೋಡಲು ಕೊಲ್ಲಿಗೆ ಹೋಗಿ ಬಂದಿರಬೇಕೆಂದಿರಲಿಲ್ಲ.

ಹೊಸ ವರದಿ ಕೊಡಬೇಕು ಎಂದಾಗ ಯಜಮಾನರ ಮುಖ ಹುಳ್ಳಗಾಯಿತು. "ಎಂತ ಮಾರಾಯ್ರೆ, ನಮ್ಮ ಲ್ಯಾಬಿನ ಹೆಸರು ನಾವೇ ತೆಗೆಯುದಾ? ಎಣ್ಣೆ ಹಳತಾಗಿ ನೀರು ಬಂತು ಅಂತ ಬರೆಯಿರಿ" ಎಂದರು. ಮುಚ್ಚಿದ ಬಾಟಲಿಯಲ್ಲಿ ನೀರು ಹುಟ್ಟುತ್ತದೆ ಎಂಬ ಹೊಸ ಶಾಸ್ತ್ರವನ್ನು ಯೋಗ ಶಿಬಿರದಲ್ಲಿ ಕಲಿತಿರಬೇಕು. ನಾನು ಒಪ್ಪಲಿಲ್ಲ. ಆದರೆ ನಾನು ಬರೆದದ್ದಾದರೂ ಏನು? ‘ಹಿಂದಿನ ಪರೀಕ್ಷೆಯು ನಿಗದಿತ ಶಾಖದಲ್ಲಿ ನಡೆದಿರುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಪರೀಕ್ಷೆ ತಾನಾಗಿಯೇ ನಡೆದುಹೋಗಿತ್ತು ಎನ್ನುವ ಹಾಗೆ. ಆ ವಾಕ್ಯ ನನಗೆ ಇಷ್ಟವಾಯಿತು. ಯಜಮಾನರಿಗೂ ಇಷ್ಟವಾಯಿತು. ಎರಡು ಪ್ರತಿ ತೆಗೆದುಕೊಂಡು ಸುಳ್ಯಕ್ಕೆ ಹೋದೆ.

ಧಣಿಯ ಶೆಡ್ಡಿನಲ್ಲಿ ಆ ಬಸ್ಸು ಎಂಜಿನ್ ಇಲ್ಲದೆ ನಿಂತಿತ್ತು. ನನ್ನ ಕಾಗದ ನಂಬಿ ಓಡಿಸಿದ ಹತ್ತನೆಯ ದಿನಕ್ಕೆ ಎಂಜಿನ್ ಜಾಮ್ ಆಗಿತ್ತಂತೆ. ಹಾಗಾದರೆ ಮೇಸ್ತ್ರಿಯ ಮಾತು ನಿಜ ಎಂದು ಇವರಿಗೆ ಆಗಲೇ ಗೊತ್ತಾಗಿರಬೇಕಲ್ಲ ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

"ನೀರು ಆಮೇಲೆ ಬಂದದ್ದು ಸಾರ್" ಎಂದರು ಧಣಿ. "ಅವತ್ತು ಇರ್ಲಿಲ್ಲ ಅಂತ ನೀವೇ ಬರೆದು ಕೊಟ್ಟಿದ್ದೀರಲ್ಲ. ಅವ ಹೇಳಿದ್ದು ಸುಳ್ಳೇ. ಕೆಲಸ ಬಿಡುವಾಗ ಅವನೇ ಎಂತಾದ್ರೂ ಮಾಡಿದನೋ, ಯಾರಿಗೆ ಗೊತ್ತು?"

ಕಳ್ಳನ ಜೊತೆಗೆ ಈಗ ಎಂಜಿನ್ ಕೆಡಿಸಿದವನೂ ಆಗಿದ್ದ. ಎರಡಕ್ಕೂ ಸಾಕ್ಷಿ ನನ್ನ ಮೊಹರು. ಹೊಸ ವರದಿಯನ್ನು ಕೊಟ್ಟೆ, ಬಿಡಿಸಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ಕಾಗದವನ್ನು ನಾಲ್ಕಾಗಿ ಮಡಚಿ, ಮೇಜಿನ ಖಾನೆಗೆ ಹಾಕಿ, "ಆಯ್ತು ಸಾರ್, ನೋಡುವ" ಎಂದರು. ನಮ್ಮ ಜಿಲ್ಲೆಯಲ್ಲಿ ನೋಡುವ ಎಂದರೆ ಅದನ್ನು ಮತ್ತೆ ಯಾರೂ ನೋಡುವುದಿಲ್ಲ. ಹೊಸ ಮೇಸ್ತ್ರಿ ಬಂದಾಗಿತ್ತು. ಹದಿನೈದು ವರ್ಷದ ಮನುಷ್ಯನ ಬಳಿ ಹೋಗಿ ತಪ್ಪಾಯಿತು ಎನ್ನುವುದಕ್ಕಿಂತ ಅವನು ಕಳ್ಳನಾಗಿಯೇ ಇರುವುದು ಧಣಿಗೆ ಸುಖ. ಬೈಯುವ ಅಧಿಕಾರ ನನಗಿರಲಿಲ್ಲ. ಮನಸ್ಸಿನಲ್ಲೇ ಬೈದು ಅಲ್ಲಿಂದ ಕಲ್ಲುಗುಂಡಿಯ ಬಸ್ಸು ಹತ್ತಿದೆ.

ಮೇಸ್ತ್ರಿ ರಸ್ತೆಯ ಬದಿಯಲ್ಲಿ ಒಂದು ತಗಡಿನ ಮಾಡಿನ ಕೆಳಗೆ ಹುಲ್ಲು ಕತ್ತರಿಸುವ ಮಿಷನ್ನು ಬಿಚ್ಚಿಕೊಂಡು ಕೂತಿದ್ದ. ದೊಡ್ಡ ಗಾಡಿ ಒಂದೂ ಇರಲಿಲ್ಲ. ಎಂಜಿನ್ ಬಿಚ್ಚುವ ಕೆಲಸವನ್ನು ಈಗ ಅವನಿಗೆ ಯಾರೂ ಕೊಡುತ್ತಿರಲಿಲ್ಲ. ನನ್ನನ್ನು ನೋಡಿ ಗುರುತು ಹಿಡಿದ, ಏಳಲಿಲ್ಲ. ನಾನು ವಿಷಯ ಹೇಳಿದೆ, ಕ್ಷಮಿಸಿ ಎಂದೆ, ಕಾಗದ ಚಾಚಿದೆ. ಅವನು ಕೈ ಒರೆಸಿಕೊಂಡು ಅದನ್ನು ಮೇಲಿನಿಂದ ಕೆಳಗೆ ನೋಡಿ ಜೇಬಿಗೆ ಹಾಕಿಕೊಂಡ.

"ಚಾ ಕುಡಿಯುವ ಬನ್ನಿ ಸಾರ್" ಎಂದ.

ಎದುರಿಗೇ ಹೊಟೇಲು. ಒಳಗೆ ಆರೇಳು ಜನ ಇದ್ದರು. ನಾವು ಕೂತದ್ದೇ ತಡ, ಮೂಲೆಯ ಮೇಜಿನಿಂದ ಒಬ್ಬರು, "ಮೇಸ್ತ್ರಿ, ಚಾದಲ್ಲಿ ನೀರು ಉಂಟಾ ನೋಡಿ ಹೇಳಿ" ಎಂದರು. ಉಳಿದವರು ನಕ್ಕರು. ಹೊಸ ತಮಾಷೆಗೆ ನಗುವ ನಗು ಅದಲ್ಲ, ದಿನಾ ನಕ್ಕು ಪಳಗಿದ್ದು. ಮೇಸ್ತ್ರಿ ಅತ್ತ ತಿರುಗಲಿಲ್ಲ. ಜೇಬಿನಿಂದ ಕಾಗದ ತೆಗೆದು ನನ್ನ ಮುಂದಿಟ್ಟ.

"ಇದು ಇಂಗ್ಲಿಷಿನಲ್ಲಿ ಉಂಟು. ಕನ್ನಡದಲ್ಲಿ ಓದಿ ಹೇಳಿ ಸಾರ್. ಸ್ವಲ್ಪ ಜೋರಾಗಿ."

ಓದಿದೆ. ಬಸ್ಸಿನ ನಂಬರು ಓದಿದೆ. ಎಣ್ಣೆಯಲ್ಲಿ ನೀರು ಇದೆ ಎಂದು ಓದಿದೆ. ಮೂಲೆಯ ಮೇಜಿನವರು ಇತ್ತ ತಿರುಗಿದರು. ಆಮೇಲೆ ನನಗೆ ಬಹಳ ಇಷ್ಟವಾದ ಆ ವಾಕ್ಯ ಬಂತು: ಹಿಂದಿನ ಪರೀಕ್ಷೆಯು ನಿಗದಿತ ಶಾಖದಲ್ಲಿ ನಡೆದಿರುವುದಿಲ್ಲ.

"ಹಾಗಂದ್ರೆ ಎಂತ ಸಾರ್?"

"ಬಿಸಿ ಸಾಕಾಗ್ಲಿಲ್ಲ ಅಂತ."

"ಬಿಸಿ ನೋಡ್ಬೇಕಾದವ ಯಾರು?"

ಎಲೆಕ್ಟ್ರಿಷಿಯನ್ನಿನ ಎರಡು ವಯರು, ಯಜಮಾನರ ಮಾಳಿಗೆ, ಲೈನಿನ ಕೆಲಸ, ಎಲ್ಲ ನಾಲಿಗೆಯ ತುದಿಗೆ ಬಂತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ. ಉತ್ತರ ಬೇಕಿತ್ತು.

"ನಾನು" ಎಂದೆ. "ನಾನು ನೋಡ್ಲಿಲ್ಲ. ನೀವು ಹೇಳಿದ್ದು ಸರಿ ಇತ್ತು. ತಪ್ಪು ಬರೆದದ್ದು ನಾನು."

ಅವನು ತಲೆಯಾಡಿಸಿ ಚಾ ಕುಡಿದ. ಆಮೇಲೆ ಒಳಗಿನ ಕೋಣೆಯ ಕಡೆ ಕೈ ತೋರಿಸಿದ. ಅಲ್ಲಿ ಬಾಣಲೆಯ ಸದ್ದಿನ ನಡುವೆ ಒಬ್ಬಾತ ಬನ್ಸ್ ಕರಿಯುತ್ತಿದ್ದ.

"ಅವ ನನ್ನ ಹೆಂಡತಿಯ ಅಣ್ಣ. ಅವನಿಗೆ ಕೇಳ್ಲಿಲ್ಲ. ಇನ್ನೊಂದು ಸಲ ಹೇಳಿ ಸಾರ್."

ನಾನು ಎದ್ದು ಒಳಗಿನ ಬಾಗಿಲಿನವರೆಗೆ ಹೋಗಿ, ಅವನು ಕರಿಯುವುದನ್ನು ನಿಲ್ಲಿಸುವವರೆಗೆ ಕಾದು, ಮೊದಲಿನಿಂದ ಹೇಳಿದೆ.